ಯೂಸುಫ್ ಅಣ್ಣನಿಗೆ ನಾವು ಕೊಟ್ಟ ನಾಲ್ಕು ನಕ್ಷತ್ರ

ಒಂದು ನಗರವನ್ನು ಒಂದೇ ದಿನದಲ್ಲಿ ತೋರಿಸಿ ಮುಗಿಸಬಹುದೆಂದು ನಂಬುವವರು ಇಬ್ಬರೇ: ಪ್ರವಾಸವನ್ನು ಮಾರುವವನು ಮತ್ತು ಕೊಳ್ಳುವವನು. ಅವರಿಬ್ಬರ ನಡುವೆ ನಿಂತು, ಬೆಳಗಿನ ಎಂಟರಿಂದ ಸಂಜೆಯ ಆರರವರೆಗೆ ಆ ಸುಳ್ಳನ್ನು ನಿಜವೆಂಬಂತೆ ನಡೆಸಿಕೊಡುವ ಕೆಲಸ ನಮ್ಮದು. ಈ ವೃತ್ತಿಗೆ ಹೊಸದಾಗಿ ಬರುತ್ತಿರುವ ಕಿರಿಯರು ನನ್ನನ್ನು ಕಂಡಾಗ, "ಆಂಟಿ, ನೀವು ಎಷ್ಟು ದೇಶ ನೋಡಿದ್ದೀರಿ! ವಾಟ್ ಎ ಡ್ರೀಮ್ ಜಾಬ್!" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಬರುವುದು ನಗುವಲ್ಲ, ಸಿಟ್ಟು. ಆ ಸಿಟ್ಟಿಗೆ ಕಾರಣವನ್ನು ಕ್ರಮವಾಗಿ ಹೇಳುತ್ತೇನೆ. ಅದರ ದೊಡ್ಡ ಪಾಲು ನನ್ನ ಮೇಲೆಯೇ ಇದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ನಾನು ಪಾರ್ಸಿಪನಿ ಎಂಬ ಊರಿನ ಒಂದು ಪ್ರವಾಸ ಸಂಸ್ಥೆಯಲ್ಲಿ ಟೂರ್ ಮ್ಯಾನೇಜರ್ ಆಗಿದ್ದೆ. ನ್ಯೂಜೆರ್ಸಿಯಿಂದ ಕನ್ನಡದ ಕುಟುಂಬಗಳನ್ನು ಗುಂಪಾಗಿ ಕರೆದುಕೊಂಡು ಆಗ್ನೇಯ ಏಷ್ಯಾಕ್ಕೆ ಹೋಗುವುದು, ತಿರುಗಿಸುವುದು, ತಲೆ ಎಣಿಸಿ ವಾಪಸು ತರುವುದು. ನಗರದ ಬಗ್ಗೆ ಮಾತನಾಡುವ ಅಧಿಕಾರ ಆಯಾ ಊರಿನ ಪರವಾನಗಿ ಪಡೆದ ಗೈಡ್‌ಗೆ ಮಾತ್ರ ಇರುತ್ತಿತ್ತು. ಮಾತ್ರೆ, ಮುನಿಸು, ಬಾತ್‌ರೂಮು, ಕಳೆದುಹೋದ ಕನ್ನಡಕ ಇಷ್ಟು ನನ್ನ ಇಲಾಖೆ. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಫಲಕಗಳನ್ನು ಗೆದ್ದವಳಿಗೆ ಮಾತನಾಡಲು ಅಧಿಕಾರವಿಲ್ಲದ ಕೆಲಸ ಸಿಕ್ಕಿತೆಂದು ನನ್ನ ಗಂಡ ತಮಾಷೆ ಮಾಡುತ್ತಿದ್ದ.

ನಾವು ಅತಿ ಹೆಚ್ಚು ಮಾರುತ್ತಿದ್ದದ್ದು ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್‌ಟೌನ್ ನಗರದ ಒಂದು ದಿನದ ಸುತ್ತಾಟ. "ಒಂದೇ ಬೀದಿಯಲ್ಲಿ ನಾಲ್ಕು ಧರ್ಮ" ಎಂದು ನಮ್ಮ ಕರಪತ್ರ ಕೂಗುತ್ತಿತ್ತು. ಚರ್ಚು, ಚೀನೀ ದೇವತೆಯ ಗುಡಿ, ಮಾರಿಯಮ್ಮನ ಗುಡಿ, ಮಸೀದಿ ಇವು ನಿಜವಾಗಿಯೂ ಅಲ್ಲಿ ಹತ್ತು ನಿಮಿಷದ ನಡಿಗೆಯೊಳಗೇ ಇವೆ. ಹೊರಡುವ ಮುಂಚಿನ ಮಾಹಿತಿ ಸಭೆಯನ್ನು ನ್ಯೂಜೆರ್ಸಿಯಿಂದ ತುಸು ದೂರದ, ವಲಸಿಗರೇ ತುಂಬಿದ ಜ್ಯಾಕ್ಸನ್ ಹೈಟ್ಸ್‌ನ ಎಪ್ಪತ್ನಾಲ್ಕನೇ ಬೀದಿಯ ಒಂದು ಹೋಟೆಲಿನ ಮಹಡಿಯಲ್ಲಿ ನಡೆಸುತ್ತಿದ್ದೆವು. ಕೆಳಗೆ ಬಾಂಗ್ಲಾದವರ ಮೀನಿನಂಗಡಿ, ಪಕ್ಕದಲ್ಲಿ ಟಿಬೆಟಿನವರ ಮೋಮೊ ಗಾಡಿ, ಎದುರಿನ ಚರ್ಚಿನಿಂದ ಸ್ಪ್ಯಾನಿಷ್ ಹಾಡು. ನಮ್ಮವರು ಇವೆಲ್ಲದರ ನಡುವೆ ಸೀರೆ ಅಂಗಡಿಯ ಚೀಲ ಹಿಡಿದು ತಲೆತಗ್ಗಿಸಿ ಮೆಟ್ಟಿಲು ಹತ್ತಿ ಬಂದು, "ಅಲ್ಲಿ ಬೇರೆ ಬೇರೆ ಜನ ಒಟ್ಟಿಗೇ ಇರ್ತಾರಂತೆ, ಹೌದಾ ಆಂಟಿ?" ಎಂದು ನನ್ನನ್ನು ಕೇಳುತ್ತಿದ್ದರು. ಅರ್ಧ ಭೂಮಿ ಸುತ್ತಿ ನೋಡಬೇಕಾದದ್ದು ಇಲ್ಲೇ ಕೆಳಗಿದೆ ಎಂದು ಹೇಳಬೇಕಿತ್ತು. ಹೇಳಿದ್ದರೆ ಟಿಕೆಟ್ ಮಾರಾಟವಾಗುತ್ತಿರಲಿಲ್ಲ. ನಾನು ಹೇಳಲಿಲ್ಲ.

ಜಾರ್ಜ್‌ಟೌನಿನಲ್ಲಿ ನಮ್ಮ ಗೈಡ್ ಯೂಸುಫ್. ತಲೆಮಾರುಗಳ ಹಿಂದೆ ತಮಿಳುನಾಡಿನಿಂದ ಹೋಗಿ ನೆಲೆಸಿದ ಮುಸ್ಲಿಂ ಮನೆತನದವರು. ತಮಿಳು, ಮಲಯ, ಚೀನಿಯರ ಹೊಕ್ಕಿಯನ್, ಇಂಗ್ಲಿಷ್ ಎಲ್ಲವೂ ಅವರ ನಾಲಿಗೆಯ ಮೇಲಿದ್ದವು. ನಮ್ಮ ಗುಂಪುಗಳ ಸಹವಾಸದಿಂದ ಕನ್ನಡವನ್ನೂ ಕಲಿತುಬಿಟ್ಟಿದ್ದರು. ಎತ್ತರದ ಬಡಕಲು ಮೈ, ತೊಳೆದು ಮಾಸಿದ ಬಿಳಿ ಅಂಗಿ, ಕಂಕುಳಲ್ಲಿ ಒಂದು ನೀಲಿ ಫೈಲು. ನನಗಿಂತ ಹಿರಿಯರಾದರೂ ನನ್ನನ್ನು "ಅಕ್ಕಾ" ಎನ್ನುತ್ತಿದ್ದರು; ನಾನು "ಅಣ್ಣ" ಎನ್ನುತ್ತಿದ್ದೆ.

ಅವರು ಇಸವಿಗಳನ್ನು ಒದರುತ್ತಿರಲಿಲ್ಲ. ಬೀದಿಯ ಮೊದಲಿಗೆ ಗುಂಪನ್ನು ನಿಲ್ಲಿಸಿ ಒಂದೇ ಮಾತು ಹೇಳುತ್ತಿದ್ದರು: "ಕಾಲು ನೋಡ್ಕೊಂಡು ನಡೀರಿ. ಗೋಪುರ ಆಮೇಲೆ ನೋಡೋಣ." ಚರ್ಚಿನೊಳಗೆ ಶೂ ಹಾಕಿಕೊಂಡೇ ಹೋಗುತ್ತಿದ್ದೆವು. ಚೀನೀ ಗುಡಿಯ ಊದುಬತ್ತಿಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಅಲ್ಲಿಯೂ ಹಾಗೆಯೇ. ಮಾರಿಯಮ್ಮನ ಗುಡಿಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ಆಮೇಲೆ ಮಸೀದಿಯ ಮೆಟ್ಟಿಲ ಬಳಿ ಮತ್ತೆ. ಆಗ ಯೂಸುಫ್ ಅಣ್ಣ ಗಂಭೀರವಾಗಿ ಹೇಳುತ್ತಿದ್ದರು: "ನೋಡಿದ್ರಾ? ಈ ಊರಲ್ಲಿ ಇರೋದು ನಾಲ್ಕು ಪಾರ್ಟಿ ಅಲ್ಲ, ಎರಡೇ. ಶೂ ಹಾಕೋ ಪಾರ್ಟಿ, ಶೂ ಬಿಡೋ ಪಾರ್ಟಿ. ನೀವೂ ನಾವೂ ಒಂದೇ ಪಾರ್ಟಿ. ಅಕ್ಕ ಮಾತ್ರ ವಿರೋಧ ಪಕ್ಷ." ಕ್ಯಾಥೊಲಿಕ್ ಆದ ನನ್ನತ್ತ ಎಲ್ಲರೂ ತಿರುಗಿ ನಗುತ್ತಿದ್ದರು. ನನ್ನ ಎಷ್ಟೋ ಭಾಷಣಗಳು ಮಾಡದ ಕೆಲಸವನ್ನು ಆ ಒಂದು ನಗು ಮಾಡುತ್ತಿತ್ತು.

ಭಾಷಣದ ಮಾತು ಬಂದದ್ದರಿಂದ ನನ್ನ ಮೊದಲ ಪ್ರಮಾದವನ್ನು ಹೇಳಿಬಿಡುತ್ತೇನೆ. ಆರಂಭದ ಒಂದು ಪ್ರವಾಸದಲ್ಲಿ, ಮಸೀದಿ ಹತ್ತಿರ ಬರುತ್ತಿದ್ದಂತೆ ಬಸ್ಸಿನ ಹಿಂದಿನ ಸೀಟಿನಿಂದ ಒಬ್ಬರು, "ಇದನ್ನ ಸ್ಕಿಪ್ ಮಾಡಿ ಮೇಡಂ, ಶಾಪಿಂಗಿಗೆ ಟೈಮ್ ಸಿಗತ್ತೆ" ಎಂದರು. ನನ್ನ ಮೈ ಉರಿಯಿತು. ಮೈಕು ಕಿತ್ತುಕೊಂಡು, ಹೊರದೇಶದಲ್ಲಿ ಅಲ್ಪಸಂಖ್ಯಾತರಾಗಿ ಬದುಕುವ ನಾವು ಇನ್ನೊಬ್ಬರ ಬಾಗಿಲನ್ನು ಬಿಟ್ಟುಹೋಗುವುದು ಎಂಥ ಕೃತಘ್ನತೆ ಎಂದು ಪೂರ್ವಪಕ್ಷ, ಉತ್ತರಪಕ್ಷ, ಉಪಸಂಹಾರಗಳ ಸಮೇತ ವಾದಿಸಿದೆ. ಯಾರೂ ಎದುರು ಮಾತನಾಡಲಿಲ್ಲ. ಯಾರೂ ಬಸ್ಸಿನಿಂದ ಇಳಿಯಲೂ ಇಲ್ಲ.

ಯೂಸುಫ್ ಅಣ್ಣ ಆಮೇಲೆ ಮೆಲ್ಲಗೆ, "ಅಕ್ಕಾ, ನೀವು ಗೆದ್ರಿ. ಅವರು ಬಸ್ಸಲ್ಲೇ ಕೂತ್ರು" ಎಂದರು.

ಮುಂದಿನ ಗುಂಪಿನಲ್ಲಿಯೂ ಇಂಥದೇ ಗೊಣಗಾಟ ಎದ್ದಿತು. ಯೂಸುಫ್ ಅಣ್ಣ ನನಗೆ ಸುಮ್ಮನಿರುವಂತೆ ಕಣ್ಣಿನಲ್ಲೇ ಸೂಚಿಸಿ, "ಇಲ್ಲಿ ಬಾತ್‌ರೂಮ್ ಬಹಳ ಕ್ಲೀನ್ ಇದೆ, ತಣ್ಣನೆ ನೀರೂ ಇದೆ" ಎಂದು ಪ್ರಕಟಿಸಿದರು. ಬಸ್ಸು ಖಾಲಿಯಾಯಿತು. ಕೈಕಾಲು ತೊಳೆದುಕೊಂಡವರು ನೆರಳಿನ ಜಗಲಿಯಲ್ಲಿ ಅರ್ಧ ಗಂಟೆ ಕೂತರು. ಗೊಣಗಿದವರೇ ಗುಮ್ಮಟದ ಫೋಟೋ ತೆಗೆದರು. ಸುಧಾರಣೆ ಎಂಬುದು ಮೈಕಿನಿಂದ ಆಗುತ್ತದೆಂದು ನಂಬಿದ್ದವಳಿಗೆ ಅದು ದೊಡ್ಡ ಪಾಠ. ಆದರೆ ಪಾಠ ಕಲಿತೆನೆಂದು ಅಂದುಕೊಳ್ಳುವುದಕ್ಕೂ ಕಲಿಯುವುದಕ್ಕೂ ವ್ಯತ್ಯಾಸವಿದೆ.

ಈ ಕೆಲಸದ ವಿಧಾನಗಳು ನನ್ನ ಕಾಲದಲ್ಲೇ ಬದಲಾದವು. ಮೊದಲು ಪ್ರವಾಸದ ಕೊನೆಯಲ್ಲಿ ಒಂದು ಹಾಳೆ ಹಂಚುತ್ತಿದ್ದೆವು. ಜನ ಅದರಲ್ಲಿ ತಮ್ಮ ಮನಸ್ಸಿಗೆ ಬಂದದ್ದನ್ನು ಬರೆಯುತ್ತಿದ್ದರು: "ಗೈಡ್ ಒಳ್ಳೆಯವರು, ಇಡ್ಲಿ ಗಟ್ಟಿ." ಅದನ್ನು ಆಫೀಸಿನಲ್ಲಿ ಯಾರೋ ಒಬ್ಬರು ಕೂತು ಓದುತ್ತಿದ್ದರು. ಆಮೇಲೆ ಗಿರೀಶ ನಮ್ಮ ಮೇಲಧಿಕಾರಿಯಾಗಿ ಬಂದ. ಹುಬ್ಬಳ್ಳಿ ಕಡೆಯ ಹುಡುಗ, ಕೆಟ್ಟವನಲ್ಲ. ಆದರೆ ಹಿಂದಿನ ಐಟಿ ಕೆಲಸದಿಂದ ಅಂಕಿಗಳ ಮೇಲಿನ ಭಕ್ತಿಯನ್ನು ಹೊತ್ತು ತಂದಿದ್ದ. ಹಾಳೆ ಹೋಗಿ ಫೋನಿನಲ್ಲಿ ಐದು ನಕ್ಷತ್ರಗಳು ಬಂದವು. ಬೆರಳಿನಿಂದ ಒಂದನ್ನು ಒತ್ತಬೇಕು. ಬೇಕಿದ್ದವರು ಕೆಳಗೆ ನಾಲ್ಕು ಸಾಲು ಬರೆಯಬಹುದು. ಕನ್ನಡದಲ್ಲಿಯೂ ಬರೆಯಬಹುದೆಂದು ಗಿರೀಶ ಹೆಮ್ಮೆಯಿಂದ ಹೇಳಿದ್ದ. ಸರಾಸರಿ ನಾಲ್ಕೂವರೆಗಿಂತ ಕೆಳಗಿಳಿದ ಗೈಡ್‌ನ ಹೆಸರು ಪಟ್ಟಿಯಿಂದ ತಾನಾಗಿ ಅಳಿಸಿಹೋಗುತ್ತದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ, ನನಗೂ.

ಆ ಹೊಸ ಪದ್ಧತಿಯ ಮೊದಲ ಪ್ರವಾಸದಲ್ಲಿ ನಮ್ಮ ಜೊತೆ ರಾಮಚಂದ್ರ ರಾಯರಿದ್ದರು. ಮೈಸೂರಿನಲ್ಲಿ ಗಣಿತದ ಅಧ್ಯಾಪಕರಾಗಿ ನಿವೃತ್ತರಾಗಿ, ಪಾರ್ಸಿಪನಿಯಲ್ಲಿ ಮಗಳ ಮನೆಯಲ್ಲಿದ್ದವರು. ಗುಂಪಿನವರೆಲ್ಲ ಅವರನ್ನು "ಮೇಷ್ಟ್ರೇ" ಎನ್ನುತ್ತಿದ್ದರು. ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ಮೊಮ್ಮಗಳು ಅನನ್ಯಾ ಅವರ ಕೈಹಿಡಿದುಕೊಂಡು ಬಂದಿದ್ದಳು. ಅಜ್ಜ ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು; ಇಬ್ಬರಿಗೂ ಅದು ಸಂಭಾಷಣೆಯೇ.

ಅಂದಿನ ಬಿಸಿಲು ಭಯಂಕರವಾಗಿತ್ತು. ಮೂರು ಸ್ಥಳ ಮುಗಿಸಿ ಮಸೀದಿಯ ಅಂಗಳಕ್ಕೆ ಬರುವಾಗ ರಾಯರು ತಲೆಸುತ್ತಿ ಕುಸಿದರು. ಯೂಸುಫ್ ಅಣ್ಣ ಒಬ್ಬರೇ ಅವರನ್ನು ಎತ್ತಿ ಜಗಲಿಯಲ್ಲಿ ಮಲಗಿಸಿ, ತಲೆಯ ಕೆಳಗೆ ತಮ್ಮ ಟೋಪಿ ಮಡಚಿಟ್ಟು, ನೀಲಿ ಫೈಲಿನಿಂದ ಗಾಳಿ ಬೀಸಿದರು. ನಾನು ಡಾಕ್ಟರಿಗಾಗಿ ಫೋನು ಹಿಡಿದು ಒದ್ದಾಡುತ್ತಿದ್ದರೆ ಅವರು ರಾಯರಿಗೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದರು.

"ಮೇಷ್ಟ್ರೇ, ಹದಿನೇಳರ ಮಗ್ಗಿ ಹೇಳಿ ನೋಡೋಣ."

"ಹದಿನೇಳೊಂದ್ಲಿ ಹದಿನೇಳು," ರಾಯರು ಕಣ್ಣುಮುಚ್ಚಿಕೊಂಡೇ ಶುರುಮಾಡಿದರು. "ಹದಿನೇಳೆರಡ್ಲಿ... ಏನ್ರೀ, ನನ್ನ ತಲೆ ಕೆಟ್ಟಿದೆ ಅಂತ ಟೆಸ್ಟ್ ಮಾಡ್ತಿದ್ದೀರಾ?"

"ತಲೆ ಸರಿ ಇದೆ," ಯೂಸುಫ್ ಅಣ್ಣ ಅನನ್ಯಾಳಿಗೆ ಹೇಳಿದರು. "ಕೋಪ ಬಂತು ಅಂದ್ರೆ ಸರಿ ಇದೆ."

"ಓ ಮೈ ಗಾಡ್, ಥ್ಯಾಂಕ್ ಯೂ, ಅಂಕಲ್," ಎಂದು ಅವಳು ಅಳುತ್ತಳುತ್ತ ನಕ್ಕಳು.

ಡಾಕ್ಟರು ಬಂದು ಭಯವಿಲ್ಲ ಎಂದು ಹೇಳುವವರೆಗೆ ಅವರು ರಾಯರ ಪಕ್ಕದಿಂದ ಏಳಲಿಲ್ಲ. ಅಷ್ಟರಲ್ಲಿ ಸಂಜೆಯಾಗಿತ್ತು. ಸಮುದ್ರದ ಮೇಲೆ ಕಂಬಗಳಲ್ಲಿ ಕಟ್ಟಿದ ಚೀನೀ ಮನೆಗಳ ಜೆಟ್ಟಿ ನಮ್ಮ ಕೊನೆಯ ತಾಣವಾಗಿತ್ತು, ಅದು ತಪ್ಪಿಹೋಯಿತು.

ಹೋಟೆಲಿಗೆ ಮರಳುವ ಬಸ್ಸಿನಲ್ಲಿ ಎಲ್ಲರ ಫೋನಿಗೂ ಆ ಐದು ನಕ್ಷತ್ರಗಳು ಬಂದವು. ಚೇತರಿಸಿಕೊಂಡ ರಾಯರು ಎದ್ದು ನಿಂತು, ಫಲಿತಾಂಶ ಓದುವ ಧಾಟಿಯಲ್ಲಿ, "ನಾನು ನಾಲ್ಕು ಕೊಟ್ಟಿದ್ದೀನಮ್ಮಾ! ಐದಕ್ಕೆ ನಾಲ್ಕು ಅಂದ್ರೆ ಎಂಬತ್ತು ಪರ್ಸೆಂಟು. ಡಿಸ್ಟಿಂಕ್ಷನ್! ನನ್ನ ಸರ್ವೀಸಲ್ಲಿ ಎಷ್ಟು ಜನಕ್ಕೆ ಕೊಟ್ಟಿದ್ದೀನಿ ಅಂತ ಬೆರಳಲ್ಲಿ ಎಣಿಸಬಹುದು" ಎಂದರು.

"ಮೇಷ್ಟ್ರು ಕೊಟ್ಟಷ್ಟೇ ನಮ್ಮದೂ," ಎಂದು ಬಸ್ಸು ಒಪ್ಪಿತು. ಹಿಂದಿನಿಂದ ಒಬ್ಬರು, "ನಾನು ಮೂರು ಒತ್ತಿಬಿಟ್ಟೆನಲ್ಲಾ! ಹೋಗಲಿ, ಅರವತ್ತು ಪರ್ಸೆಂಟು, ಫಸ್ಟ್ ಕ್ಲಾಸೇ" ಎಂದು ಸಮಾಧಾನಪಟ್ಟುಕೊಂಡರು.

ಅನನ್ಯಾ ಗಾಬರಿಯಾಗಿ, "ಅಜ್ಜಾ, ನೋ! ಫೋರ್ ಈಸ್, ಲೈಕ್, ಬ್ಯಾಡ್. ಯು ಗಿವ್ ಫೈವ್ ಅನ್‌ಲೆಸ್ ದ ಗೈ ರಾಬ್ಡ್ ಯು!" ಎಂದಳು.

"ಹಾಗಂದ್ರೆ ಏನೇ ಅರ್ಥ? ಕಳ್ಳತನ ಮಾಡದಿದ್ದವರಿಗೆಲ್ಲ ನೂರಕ್ಕೆ ನೂರಾ?" ರಾಯರು ನಕ್ಕರು. ಅವಳು ಸಹಾಯಕ್ಕಾಗಿ ನನ್ನ ಕಡೆ ನೋಡಿದಳು.

ಇಲ್ಲಿ ನನ್ನ ಎರಡನೆಯ ಪ್ರಮಾದ. ಕಾಲೇಜಿನಲ್ಲಿ ನಮಗೆ ಚರ್ಚೆಯ ತರಬೇತಿ ಕೊಟ್ಟವರು ಯಾರಿಗೂ ಪೂರ್ಣ ಅಂಕ ಕೊಡುತ್ತಿರಲಿಲ್ಲ. ಪೂರ್ಣ ಅಂಕ ಪಡೆದವನು ಬೆಳೆಯುವುದನ್ನು ನಿಲ್ಲಿಸುತ್ತಾನೆ ಎಂಬುದು ಅವರ ಸಿದ್ಧಾಂತ. ನಾನು ಅದನ್ನು ನನ್ನದಾಗಿಸಿಕೊಂಡಿದ್ದೆ. ಜೆಟ್ಟಿ ತಪ್ಪಿದ್ದು ನಿಜವಾದ್ದರಿಂದ ನಾನೂ ನಾಲ್ಕನ್ನೇ ಒತ್ತಿದ್ದೆ. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ತುಂಬ, ಇಂಥ ಗೈಡ್ ಸಿಗುವುದು ಭಾಗ್ಯ ಎಂದು ಬರೆದಿದ್ದೆ. ಅನನ್ಯಾಳ ಹೆಗಲು ತಟ್ಟಿ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ: "ಪ್ರಾಮಾಣಿಕವಾದ ನಾಲ್ಕು, ಸುಳ್ಳು ಐದಕ್ಕಿಂತ ದೊಡ್ಡದು, ಮಗಾ."

ಚಪ್ಪಾಳೆ ಬಿತ್ತು. ಮುಂದಿನ ಸೀಟಿನಲ್ಲಿ ಡ್ರೈವರ್ ಜೊತೆ ಮಾತಿನಲ್ಲಿ ಮುಳುಗಿದ್ದ ಯೂಸುಫ್ ಅಣ್ಣ ನಮ್ಮತ್ತ ತಿರುಗಿ, ಯಾಕೆಂದು ತಿಳಿಯದೆ, ತಾವೂ ಚಪ್ಪಾಳೆ ತಟ್ಟಿದರು.

ನ್ಯೂಜೆರ್ಸಿಗೆ ಮರಳಿದ ಕೆಲವು ವಾರಗಳ ಮೇಲೆ ಮುಂದಿನ ಪ್ರವಾಸದ ಪಟ್ಟಿ ಬಂತು. ಜಾರ್ಜ್‌ಟೌನಿನ ಎದುರು ಬೇರೆ ಹೆಸರಿತ್ತು. ಹೈವೇಯ ಹಿಮ ಇನ್ನೂ ತೆಗೆದಿರಲಿಲ್ಲ. ಆದರೂ ಡ್ರೈವ್ ಮಾಡಿಕೊಂಡು ಆಫೀಸಿಗೆ ಹೋದೆ.

"ಯೂಸುಫ್ ಎಲ್ಲಿ?" ಎಂದು ಗಿರೀಶನನ್ನು ಕೇಳಿದೆ.

"ಡ್ರಾಪ್ ಆಗ್ಯಾರ್ರೀ ಮೇಡಂ. ನಿಮ್ಮ ಗ್ರೂಪಿಂದು ಆ್ಯವರೇಜ್ ನಾಲ್ಕ ಅಷ್ಟ ಬಂದೈತಿ. ಕಟ್-ಆಫ್ ನಾಲ್ಕೂವರಿ. ನಾ ಏನ್ ಮಾಡಿಲ್ರೀ, ಸಿಸ್ಟಮ್ ತಾನೇ ತೆಗದೈತಿ."

"ಜನ ಏನು ಬರೆದಿದ್ದಾರೆ ಓದಿದೆಯಾ?"

"ಕಮೆಂಟ್ಸ್ ಸಿಸ್ಟಮ್ ಓದಂಗಿಲ್ರೀ. ಅದೂ ಎಲ್ಲಾ ಕನ್ನಡದಾಗ ಅದಾವು."

"ನೀನು ಓದಬಲ್ಲೆಯಲ್ಲ? ನೀನು ಕನ್ನಡಿಗನಲ್ಲವೇ?"

"ಮೇಡಂ," ಅವನು ನಿಜವಾಗಿಯೂ ನೊಂದುಕೊಂಡ. "ನಾ ಒಬ್ಬಾಂವ. ನಲವತ್ತು ಟೂರ್ ಅದಾವು."

ಕನ್ನಡದಲ್ಲಿ ಬರೆಯಲು ಜಾಗ ಕೊಟ್ಟು, ಬರೆದದ್ದನ್ನು ಯಾರೂ ಓದದಂತೆ ಮಾಡಿರುವ ವ್ಯವಸ್ಥೆಯನ್ನು ನಾನು ಅಂದು ಎಷ್ಟು ಕಠಿಣ ಶಬ್ದಗಳಲ್ಲಿ ಖಂಡಿಸಿದೆನೆಂದರೆ ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಂಡರು. ಒಬ್ಬ ಮನುಷ್ಯನ ಕೆಲಸವನ್ನು ಕಿತ್ತುಕೊಳ್ಳುವಾಗ ಅವನ ಪರವಾದ ಸಾಕ್ಷ್ಯವನ್ನು ತೆರೆದೂ ನೋಡದಿರುವುದನ್ನು ಯಾವ ನ್ಯಾಯಾಲಯ ಒಪ್ಪುತ್ತದೆ? ಮಾಪನದ ಅರ್ಥವನ್ನೇ ತಿಳಿಸದೆ ಅಳೆಯಿರಿ ಎನ್ನುವುದು ಯಾವ ನೀತಿ? ಗಿರೀಶ ತಲೆ ಬಗ್ಗಿಸಿ ಕೇಳಿದ. ಕೊನೆಗೆ ನಾನು, "ಹಾಗಿದ್ದರೆ ನನ್ನ ನಾಲ್ಕನ್ನು ಐದು ಮಾಡು" ಎಂದೆ.

ಅವನು ತಲೆಯೆತ್ತಿದ. "ನೀವೂ ನಾಲ್ಕ ಕೊಟ್ಟೀರೇನ್ರಿ?"

ನಾನು ಕೋಟು ಎತ್ತಿಕೊಂಡು ಹೊರಟೆ. ಒಮ್ಮೆ ಒತ್ತಿದ ನಕ್ಷತ್ರವನ್ನು ತಿದ್ದಲು ಬರುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ರಾಯರಿಗೆ ಹೇಳಿದಾಗ ಅವರು ಎಂಬತ್ತು ಪರ್ಸೆಂಟಿನ ಲೆಕ್ಕವನ್ನು ಇನ್ನೊಮ್ಮೆ ಮಾಡಿದರು. ಆಮೇಲೆ, "ರೀವ್ಯಾಲ್ಯುಯೇಷನ್ ಇಲ್ವೇನಮ್ಮಾ?" ಎಂದು ಕೇಳಿದರು. ಎರಡು ದಿನಕ್ಕೆ ಅನನ್ಯಾಳ ಕಾರಿನಲ್ಲಿ ಆಫೀಸಿಗೆ ಬಂದರು. ಕೋಟಿನ ಜೇಬಿನಲ್ಲಿ ಕೈಬರಹದ ಅರ್ಜಿ: "ವಿಷಯ: ಶ್ರೀ ಯೂಸುಫ್ ಅವರ ಅಂಕಗಳ ಮರುಮೌಲ್ಯಮಾಪನ ಕುರಿತು." ನಾಲ್ಕು ಎಂದರೆ ಡಿಸ್ಟಿಂಕ್ಷನ್ ಎಂಬ ತಮ್ಮ ತಿಳಿವಳಿಕೆಯನ್ನು ವಿವರಿಸಿ, ಬಸ್ಸಿನಲ್ಲಿದ್ದವರೆಲ್ಲರ ಸಹಿ ಹಾಕಿಸಿ ತಂದಿದ್ದರು. ಗಿರೀಶ ಎದ್ದು ನಿಂತು ಓದಿದ. ಅರ್ಜಿಯನ್ನು ಮೇಲಕ್ಕೆ ಕಳಿಸಿದ. ಉತ್ತರ ಒಂದೇ ಸಾಲಿನದು: ನಿಯಮಕ್ಕೆ ವಿನಾಯಿತಿ ಇಲ್ಲ.

ಆದರೆ ಆ ಅರ್ಜಿ ಗಿರೀಶನನ್ನು ಕಾಡಿತು. ಅವನು ಒಂದು ಕೆಲಸ ಮಾಡಿದ: ಯಾವ ಗೈಡನ್ನೂ ತೆಗೆಯುವ ಮುನ್ನ ಕನ್ನಡದ ಟಿಪ್ಪಣಿಗಳನ್ನು ಒಬ್ಬ ಮನುಷ್ಯ ಓದಿ ಇಂಗ್ಲಿಷಿಗೆ ತರಬೇಕೆಂದು ಮಾಲೀಕರನ್ನು ಒಪ್ಪಿಸಿದ. ಓದುವ ಮನುಷ್ಯ ಯಾರು ಎಂದಾಗ ರಾಯರು ತಾವೇ ಕೈಯೆತ್ತಿದರು. ಇಂದಿಗೂ ಅವರು ಮಗಳ ಮನೆಯ ಊಟದ ಮೇಜಿನ ಮೇಲೆ ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ಇದನ್ನು ಗೆಲುವೆಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಹೊಸ ನಿಯಮ ಹಿಂದಿನವರಿಗೆ ಅನ್ವಯಿಸಲಿಲ್ಲ.

ನನ್ನ ಕೊನೆಯ ಪ್ರವಾಸವೂ ಜಾರ್ಜ್‌ಟೌನಿಗೇ. ಹೊಸ ಗೈಡ್ ಚುರುಕಾಗಿದ್ದ. ಬೆಳಗ್ಗೆಯೇ, "ಫೈವ್ ಸ್ಟಾರ್ಸ್ ಪ್ಲೀಸ್, ಮೈ ಫ್ಯಾಮಿಲಿ ಡಿಪೆಂಡ್ಸ್ ಆನ್ ಯು" ಎಂದು ಕೈಮುಗಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತು ಆಡುವ ಸ್ಥಿತಿಗೆ ಅವನನ್ನು ತಂದವರ ಮೇಲಿದೆ. ನಾಲ್ಕೂ ಧರ್ಮಗಳನ್ನು ಅವನು ಬಸ್ಸಿನ ಕಿಟಕಿಯಿಂದಲೇ ತೋರಿಸಿದ. ಜನರಿಗೆ ಶಾಪಿಂಗಿಗೆ ಸಮಯ ಸಿಕ್ಕಿತು, ಎಲ್ಲರೂ ಐದು ಒತ್ತಿದರು. ಆ ದಿನ ಯಾರೂ ಚಪ್ಪಲಿ ಬಿಡಲಿಲ್ಲ.

ಆ ಶಾಪಿಂಗಿನ ಹೊತ್ತಿನಲ್ಲಿ ನಾನು ಯೂಸುಫ್ ಅಣ್ಣನನ್ನು ಹುಡುಕಿಕೊಂಡು ಹೋದೆ. ಮಸೀದಿಯ ಹಿಂದಿನ ಓಣಿಯ ಚಹದ ಅಂಗಡಿಯಲ್ಲಿ ಕೂತಿದ್ದರು. ಬೇರೆ ಸಂಸ್ಥೆಗಳೂ ನಮ್ಮ ಪಟ್ಟಿಯನ್ನೇ ನೋಡುತ್ತವಂತೆ, ಕೆಲಸ ಇರಲಿಲ್ಲ. ನನಗೆ ಚಹ ತರಿಸಿದರು. ರಾಯರ ಆರೋಗ್ಯ ಕೇಳಿದರು. ಅರ್ಜಿಯ ಕಥೆ ಹೇಳಿದೆ, ನಕ್ಕರು. ನಕ್ಕು ಮುಗಿದ ಮೇಲೆ, ಲೋಟ ತಿರುಗಿಸುತ್ತ, ಕೇಳಿದರು:

"ನೀವು ಎಷ್ಟು ಕೊಟ್ರಿ, ಅಕ್ಕಾ?"

"ನಾಲ್ಕು."

"ನಿಮ್ಮದೂ ಅದೇ ಪರೀಕ್ಷೆಯ ಲೆಕ್ಕವಾ?"

ಹೌದೆಂದು ಹೇಳಿ ಪಾರಾಗಬಹುದಿತ್ತು. "ಅಲ್ಲ. ಜೆಟ್ಟಿ ತಪ್ಪಿತಲ್ಲ, ಅದಕ್ಕೆ."

"ನಾನು ಮೇಷ್ಟ್ರ ಪಕ್ಕ ಕೂತಿದ್ದೆ."

"ಗೊತ್ತಿತ್ತು."

ಅವರ ದನಿಯಲ್ಲಿ ಆರೋಪವಿರಲಿಲ್ಲ. ಕೆಲಸದ ಬಗ್ಗೆ ಕೆಲಸಗಾರನೊಬ್ಬ ಕೇಳುವ ಹಾಗೆ ಕೇಳಿದರು: "ಇನ್ನೊಂದು ಸಲ ಹಾಗಾದ್ರೆ ಏನು ಮಾಡಬೇಕು ಹೇಳಿ, ಅಕ್ಕಾ. ಮೇಷ್ಟ್ರನ್ನ ಬಿಟ್ಟು ಜೆಟ್ಟಿಗೆ ಹೋಗ್ಲಾ?"

ಎದುರಾಳಿಯ ಯಾವ ಪ್ರಶ್ನೆಗೂ ಕ್ಷಣದಲ್ಲಿ ಉತ್ತರ ಹೊಂದಿಸುವ ತರಬೇತಿ ನನ್ನದು. ಅವರು ಉತ್ತರಕ್ಕಾಗಿ ಕಾದರು. ಚಹ ಆರಿತು. ಬಸ್ಸಿನ ಹೊತ್ತಾಯಿತೆಂದು ಅವರೇ ನೆನಪಿಸಿ, ಓಣಿಯ ಕೊನೆಯವರೆಗೆ ಬಂದು ಕಳಿಸಿಕೊಟ್ಟರು.

ಈ ವೃತ್ತಿಗೆ ಬರುವ ಕಿರಿಯರೇ, ಆ ಐದು ನಕ್ಷತ್ರಗಳನ್ನು ತೆಗೆಸಲು ಹೋರಾಡಿ. ನನಗೆ ಆಗದ್ದು ನಿಮ್ಮಿಂದ ಆಗಲಿ. ಅಲ್ಲಿಯವರೆಗೆ, ಪ್ರಾಮಾಣಿಕತೆಯ ಹೆಸರಿನಲ್ಲಿ ಒಂದನ್ನು ಕಡಿಮೆ ಮಾಡಲು ನಿಮ್ಮ ಬೆರಳು ಮುಂದಾದರೆ, ಮೊದಲು ಆ ಮನುಷ್ಯನ ಎದುರು ಚಹದ ಲೋಟ ಹಿಡಿದು ಕೂತಿದ್ದೇನೆ ಎಂದುಕೊಳ್ಳಿ. ಅವನು ಯಾಕೆಂದು ಕೇಳುತ್ತಾನೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಬಲ್ಲ ಉತ್ತರವಿದ್ದರೆ ಮಾತ್ರ ನಾಲ್ಕು ಒತ್ತಿ.